ಬೆನ್ನ ಹಿಂದಿನ ಗಂಟು

ಕರವಸ್ತ್ರ ಇನ್ನೂ ಒಣಗಿರಲಿಲ್ಲ. ಬಚ್ಚಲಿನ ಬಾಗಿಲ ಹಿಂದಿನ ಮೊಳೆಗೆ, ತನ್ನ ಟವೆಲಿನ ಅಡಿಯಲ್ಲಿ, ಕದ್ದ ಮಾಲನ್ನು ಮುಚ್ಚಿಟ್ಟಂತೆ ಅದನ್ನು ನೇತುಹಾಕಿದ್ದಳು. ಟವೆಲ್ ಎತ್ತಿ ನೋಡಿದರೆ ತಣ್ಣಗೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಜೋತುಬಿದ್ದಿತ್ತು. ಕೊಳ್ಳುವಾಗ ಅಂಗಡಿಯವನು ದಾಳಿಂಬೆ ಬಣ್ಣ ಎಂದಿದ್ದ, ಜನ್ಮಕ್ಕೂ ಬಿಡುವುದಿಲ್ಲ ಎಂದೂ ಸೇರಿಸಿದ್ದ. ಈಗ ಅದು ಯಾವ ಹಣ್ಣಿನ ಬಣ್ಣವೂ ಅಲ್ಲ. ಬಿಟ್ಟ ಬಣ್ಣವೆಲ್ಲ ಎಲ್ಲಿಗೆ ಹೋಯಿತು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು, ಅಥವಾ ಅವಳೊಬ್ಬಳಿಗೇ ಗೊತ್ತು ಎಂದು ರಾತ್ರಿಯಿಡೀ ತನಗೆ ತಾನೇ ಹೇಳಿಕೊಂಡಿದ್ದಳು: ದೊಡ್ಡ ಹೋಟೆಲಿನವರು ಒಗೆಯಲು ಕಳಿಸಿದ್ದ, ಒಗೆಯುವ ಯಂತ್ರದ ಒಂದು ಡ್ರಮ್ಮು ತುಂಬ ಬಿಳಿಯ ಮೇಜುಬಟ್ಟೆಗಳಿಗೆ. ಅವು ಹೊರಬಂದಾಗ ಎಳೆಗೂಸಿನ ಅಂಗಾಲಿನ ಬಣ್ಣಕ್ಕಿದ್ದವು. ಒಂದು ಕ್ಷಣ ಎಷ್ಟು ಚೆನ್ನಾಗಿವೆ ಎಂದುಕೊಂಡಿದ್ದಳು. ಆ ಒಂದು ಕ್ಷಣಕ್ಕಾಗಿ ಈಗಲೂ ನಾಚಿಕೆಯಾಗುತ್ತಿತ್ತು.

"ಒಳಗೆ ಕೂತು ರಾಜ್ಯ ಆಳ್ತಿದ್ದೀಯೇನೆ? ನನಗೂ ಹೊತ್ತಾಯ್ತು," ಎಂದು ಹೊರಗಿನಿಂದ ಅಕ್ಕ ಬಾಗಿಲು ತಟ್ಟಿದಳು.

"ಕ್ಷಮಿಸಕ್ಕ, ಬಂದೆ."

ನೋಡು, ಎಷ್ಟು ಸಲೀಸಾಗಿ ಬಂತು. ಆ ಮಾತು ಅವಳ ಬಾಯಿಂದ ಬಿಕ್ಕಳಿಕೆಯಂತೆ ತಾನಾಗಿಯೇ ಹೊರಡುತ್ತಿತ್ತು. ಬಾಗಿಲು ತೆರೆದರೆ ಕ್ಷಮಿಸಿ, ಮುಚ್ಚಿದರೆ ಕ್ಷಮಿಸಿ, ಮೆಟ್ಟಿಲಲ್ಲಿ ಎದುರಾದ ಬೆಕ್ಕಿಗೂ ಕ್ಷಮಿಸಿ. ಲಾಂಡ್ರಿಯಲ್ಲಿ ಇಸ್ತ್ರಿಯ ಹೆಂಗಸರು ಅವಳಿಗೆ 'ಕ್ಷಮಿಸಿ ಮೇಡಂ' ಎಂದು ಹೆಸರಿಟ್ಟಿದ್ದು ಅವಳಿಗೆ ಗೊತ್ತಿತ್ತು. ಗೊತ್ತಾದ ದಿನ ನೊಂದುಕೊಳ್ಳುವ ಬದಲು ಒಳಗೊಳಗೇ ಉಬ್ಬಿದ್ದಳು. ಮೇಲ್ವಿಚಾರಕಿಯಾದವಳಿಗೆ ಇದಕ್ಕಿಂತ ಒಳ್ಳೆಯ ಅಡ್ಡಹೆಸರು ಸಿಕ್ಕೀತೆ? ಅವಳಿಗಿಂತ ಮುಂಚೆ ಮೇಲ್ವಿಚಾರಕನಾಗಿದ್ದವನಿಗೆ ಗುಡುಗಪ್ಪ ಎಂದು ಹೆಸರಿತ್ತಂತೆ. ಗುಡುಗಪ್ಪ ಹೋಗಿ ಕ್ಷಮಿಸಿ ಮೇಡಂ ಬಂದಳು ಎಂದರೆ ಲೋಕ ಸುಧಾರಿಸಿತು ಎಂದೇ ಅರ್ಥ ಎಂದುಕೊಂಡಿದ್ದಳು. ಆದರೆ ನಿನ್ನೆ, ನಿಜವಾಗಿಯೂ ಆ ಮಾತು ಬೇಕಾಗಿದ್ದ ಹೊತ್ತಿನಲ್ಲಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕರವಸ್ತ್ರವನ್ನು ಹಿಂಡಿ, ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಯಾಕೆ ಒಯ್ಯುತ್ತಿದ್ದೇನೆ ಎಂದು ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಬಿಟ್ಟರೆ ಅಕ್ಕ ನೋಡುತ್ತಾಳೆ, ಅವಳೇ ಕೊಡಿಸಿದ್ದು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ನಿಂತಿದ್ದ ಗಟ್ಟಿಮುಟ್ಟಾದ ಗಂಡಸಿಗೆ ಅದನ್ನು ಬಿಟ್ಟುಕೊಡಬೇಕೆನ್ನಿಸಿ ಅರ್ಧ ಎದ್ದು, ಅವನು ಗಾಬರಿಯಾಗಿ ನೋಡಿದ್ದರಿಂದ ಮತ್ತೆ ಕೂತಳು. ಮುಂದಾಳುತನ ಕಲಿಸುವ ಎರಡು ದಿನದ ಶಿಬಿರಕ್ಕೆ ಹೋಗಿಬಂದಾಗಿನಿಂದ ಇದೇ ಪಾಡು. ಅವಳನ್ನು ಮೇಲ್ವಿಚಾರಕಿ ಮಾಡಿದ ಮೇಲೆ ಲಾಂಡ್ರಿಯ ಯಜಮಾನರೇ ಅಲ್ಲಿಗೆ ಕಳಿಸಿದ್ದರು. ಅಲ್ಲಿ ಕೋಟು ತೊಟ್ಟ ಉಪನ್ಯಾಸಕರೊಬ್ಬರು, ಮುಂದಾಳು ಎಂದರೆ ಎಲ್ಲರಿಗಿಂತ ಕೆಳಗೆ ಕೂರಬಲ್ಲವನು ಎಂದು ಹೇಳಿ, ಹೇಳಿದ್ದನ್ನು ಮಾಡಿ ತೋರಿಸಲು ನೆಲದ ಮೇಲೆ ಕೂತಿದ್ದರು. ಅವರು ಕೂರುವ ಮೊದಲು ಸಹಾಯಕನೊಬ್ಬ ಓಡಿಬಂದು ಮೆತ್ತೆ ಹಾಸಿದ. ಕೂತ ಮೇಲೆ ಹಿಂದಿನ ಸಾಲಿನವರಿಗೆ ಅವರ ವಿನಯ ಕಾಣುತ್ತಿಲ್ಲವೆಂದು ಇನ್ನೊಬ್ಬ ಬಂದು ದೀಪ ತಿರುಗಿಸಿದ. ಆಗ ಅವಳಿಗೆ ನಗು ಬಂದಿತ್ತು. ಬಂದ ನಗುವನ್ನು ನುಂಗಿಕೊಂಡು, ಮನೆಗೆ ಹೋಗುವ ದಾರಿಯಲ್ಲಿ, ತಾನಾದರೆ ಮೆತ್ತೆಯಿಲ್ಲದೆಯೇ ಕೂರುತ್ತೇನೆ ಎಂದು ನಿಶ್ಚಯಿಸಿದ್ದಳು.

ಕೂತೂ ಬಿಟ್ಟಿದ್ದಳು. ಕೋಣೆಯಲ್ಲಿದ್ದ ಗಾಲಿ ಕುರ್ಚಿಯನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರತೊಡಗಿದಳು. ಎಂಥ ಸರಳತೆ ಎಂದು ಯಾರಾದರೂ ಅಂದಾರೆಂದು ಒಂದು ವಾರ ಕಾದಳು. ಕೊನೆಗೆ ಇಸ್ತ್ರಿಯ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿ, "ಕುರ್ಚಿ ಮುರಿದೋಯ್ತಾ ಮೇಡಂ? ಬಡಗಿಗೆ ಹೇಳ್ಲಾ?" ಅಂದಳು. ಸೊಂಟ ನೋಯುತ್ತಿತ್ತು. ಖಾಲಿ ಕುರ್ಚಿಯಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲವಾದ್ದರಿಂದ ಅದು ಮೊದಲಿಗಿಂತ ಹೆಚ್ಚು ದೊಡ್ಡದಾಗಿ, ಹೆಚ್ಚು ಮೇಡಂ ಆಗಿ, ಗೋಡೆಗೊರಗಿ ಎಲ್ಲರನ್ನೂ ನೋಡುತ್ತಿತ್ತು. ಟೀಯದೂ ಇದೇ ಕಥೆ. ಬಿಡುವಿನ ಹೊತ್ತಿಗೆ ಕೆಟಲು ಹಿಡಿದು ಎಲ್ಲರ ಲೋಟಕ್ಕೂ ತಾನೇ ಬಗ್ಗಿಸುತ್ತಿದ್ದಳು. ಅವಳ ಕೈ ನಿಧಾನ. ಮೇಡಂ ಬಗ್ಗಿಸಿ ಮುಗಿಸುವ ತನಕ ಕುಡಿಯುವುದು ಮರ್ಯಾದೆಯಲ್ಲವೆಂದು ಅವರೆಲ್ಲ ಲೋಟ ಹಿಡಿದು ನಿಂತಿರುತ್ತಿದ್ದರು, ಟೀ ತಣ್ಣಗಾಗುತ್ತಿತ್ತು. ಇಡೀ ದಿನದಲ್ಲಿ ಅವರಿಗೆ ಅವಳನ್ನು ಆಡಿಕೊಳ್ಳಲು ಸಿಗುತ್ತಿದ್ದುದು ಆ ಹೊತ್ತೊಂದೇ. ಅದನ್ನೂ ತಾನು ವಿನಯದಿಂದ ಕಸಿದುಕೊಂಡಿದ್ದೇನೆ ಎಂದು ಅವಳಿಗೆ ಹೊಳೆದಿದ್ದು ನಿನ್ನೆ ರಾತ್ರಿ, ಹೊದಿಕೆಯೊಳಗೆ.

ನಿನ್ನೆಯದಾದರೂ ಅದೇ ವಿನಯದ ಫಲ. ಮಧ್ಯಾಹ್ನ ಸುಮ್ಮನೆ ತನ್ನ ಕೋಣೆಯಲ್ಲಿ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಕೆಳಗಿಳಿದು ಬಂದು, ಬಟ್ಟೆ ವಿಂಗಡಿಸುವ ಮೇಜಿನ ಮುಂದೆ ಚಿಕ್ಕಮ್ಮನ ಪಕ್ಕ ನಿಂತು, "ಇವತ್ತು ನಾನೂ ನಿಮ್ಮ ಜೊತೆ ಕೆಲಸ ಮಾಡ್ತೀನಿ," ಅಂದಿದ್ದಳು. ಚಿಕ್ಕಮ್ಮ ಯಾರಿಗೂ ಚಿಕ್ಕಮ್ಮನಲ್ಲ. ಎಲ್ಲರೂ ಹಾಗೆ ಕರೆಯುತ್ತಿದ್ದರು. ಕಿಟಕಿಯ ಬೆಳಕು ನೇರ ಬೀಳುವ ಆ ಮೇಜು ಅವಳದು. ಬಿಳಿಯದು ಒಂದು ಕಡೆ, ಬಣ್ಣದ್ದು ಒಂದು ಕಡೆ, ಆಸ್ಪತ್ರೆಯದು ಬೇರೆ, ಹೋಟೆಲಿನದು ಬೇರೆ, ಕೈ ತನ್ನಷ್ಟಕ್ಕೆ ತಾನು ಆಡುತ್ತಿರುತ್ತಿತ್ತು, ಬಾಯಿ ತನ್ನಷ್ಟಕ್ಕೆ ತಾನು.

"ಬೇಡಿ ಮೇಡಂ, ಸೀರೆ ಕೊಳೆಯಾಗುತ್ತೆ."

"ಆಗಲಿ ಬಿಡಿ. ನಾನೂ ನಿಮ್ಮಂತೆಯೇ ಅಲ್ವಾ." ಹಾಗಂದು, ಉಪನ್ಯಾಸಕರು ಹೇಳಿಕೊಟ್ಟಂತೆ ಕಣ್ಣಲ್ಲಿ ಕಣ್ಣಿಟ್ಟು, "ನಿಮಗೆ ಇಲ್ಲಿ ಏನಾದ್ರೂ ತೊಂದರೆ ಇದೆಯಾ ಚಿಕ್ಕಮ್ಮ? ಮನಸ್ಸು ಬಿಚ್ಚಿ ಹೇಳಿ," ಎಂದು ಕೇಳಿದ್ದಳು.

"ಇದೆ ಮೇಡಂ. ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ಬರ್ತಿದ್ದೀರಿ."

ಇಸ್ತ್ರಿಯ ಕಡೆಯಿಂದ ಕಿಸಕ್ ಎಂದು ಕೇಳಿಸಿತು. ಅವಳೂ ನಕ್ಕಳು, ತಾನು ನಗಬಲ್ಲೆ ಎಂದು ಎಲ್ಲರಿಗೂ ಕಾಣುವಷ್ಟು ಹೊತ್ತು. ಹಣೆ ಬೆವರಿತ್ತು. ಕರವಸ್ತ್ರದಿಂದ ಒರೆಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಿಳಿಯ ರಾಶಿಯ ಮೇಲೆ ಬಗ್ಗಿದಳು, ಮೇಜುಬಟ್ಟೆಗಳನ್ನು ಬಾಚಿ ಬಾಚಿ ಗಾಡಿಗೆ ತುಂಬಿದಳು. ಎಂಥ ಹುಮ್ಮಸ್ಸು. ಬಗ್ಗಿದಾಗ ಯಾವಾಗಲೋ ಕರವಸ್ತ್ರ ಜಾರಿತ್ತು.

ಒಗೆತ ಮುಗಿದು ಡ್ರಮ್ಮಿನ ಬಾಗಿಲು ತೆರೆದಾಗ ಯಂತ್ರ ನೋಡಿಕೊಳ್ಳುವ ಡ್ರಮ್ಮಣ್ಣ ನೀರಿನ ಕೊಳಾಯಿ ತಿರುಗಿಸಲು ಆ ಕಡೆ ಹೋಗಿದ್ದ. ಗುಲಾಬಿಯ ರಾಶಿಯ ನಡುವೆ ಅವಳಿಗೆ ಮೊದಲು ಕಂಡಿದ್ದು ಅದೇ. ಕೈ ತನ್ನಷ್ಟಕ್ಕೆ ತಾನು ಹೋಯಿತು. ಕೈ ಇಷ್ಟು ಚುರುಕಾಗಿ ವಿಂಗಡಿಸಬಲ್ಲದು ಎಂದು ಅವಳಿಗೆ ಆಗ ತಿಳಿಯಿತು. ಬಿಸಿಯಾಗಿದ್ದ ಆ ಮುದ್ದೆ ಮುಷ್ಟಿಯಲ್ಲಿ, ಮುಷ್ಟಿ ಸೆರಗಿನಡಿಯಲ್ಲಿ. ಅಷ್ಟರಲ್ಲಿ ಯಜಮಾನರು ಬಂದು ಹಿಂದೆ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು. "ಯಾರು ವಿಂಗಡಿಸಿದ್ದು?"

ಅವಳು ಬಾಯಿ ತೆರೆದಳು. ಮಾಡಿದ್ದು ನಾನು ಎನ್ನುವುದಕ್ಕೇ ತೆರೆದಿದ್ದು, ಅದರಲ್ಲಿ ಅನುಮಾನವಿಲ್ಲ. ಬಂದ ಮಾತು ಬೇರೆ. "ಸರ್, ಈ ವಿಭಾಗದ ಹೊಣೆ ನನ್ನದು. ಏನಾಗಿದ್ರೂ ಅದಕ್ಕೆ ನಾನೇ ಜವಾಬ್ದಾರಿ."

ಶಿಬಿರದಲ್ಲಿ ಬಾಯಿಪಾಠ ಮಾಡಿಸಿದ ಮಾತು. ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ಯಜಮಾನರ ಮುಖ ಅಲ್ಲೇ ತಿಳಿಯಾಯಿತು. ಅವರು ಸುತ್ತ ನಿಂತವರನ್ನೆಲ್ಲ ನೋಡಿ, "ಕಲೀರಿ ಇವರನ್ನ ನೋಡಿ. ನೀವು ಮಾಡಿದ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ," ಅಂದರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ದನಿ ಏರಿಸದೆಯೇ, ಕಣ್ಣು ಮಂಜಾಗಿರಬೇಕು, ವಯಸ್ಸಾಯಿತು, ನಾಳೆ ಊಟವಾದ ಮೇಲಿಂದ ಬ್ಲೀಚ್ ಕೋಣೆಗೆ ಹೋಗಲಿ, ಈ ಮೇಜಿಗೆ ಬೇರೆ ಯಾರನ್ನಾದರೂ ಹಾಕೋಣ ಎಂದರು. ಬ್ಲೀಚ್ ಕೋಣೆಗೆ ಕಿಟಕಿಯಿಲ್ಲ. ಅಲ್ಲಿಯ ಕಲೆ ತೆಗೆಯುವ ನೀರಲ್ಲಿ ಕೈ ಅದ್ದಿದರೆ ಚಿಕ್ಕಮ್ಮನ ಬೆರಳ ಸಂದುಗಳು ಸೀಳುತ್ತವೆ, ಹಿಂದೊಮ್ಮೆ ಸೀಳಿ ತಿಂಗಳುಗಟ್ಟಲೆ ಬಟ್ಟೆ ಸುತ್ತಿಕೊಂಡೇ ಉಣ್ಣುತ್ತಿದ್ದಳಂತೆ. ಇದನ್ನೂ ಅವಳೇ, ಮನಸ್ಸು ಬಿಚ್ಚಿ ಹೇಳಿ ಎಂದು ಒತ್ತಾಯಿಸಿದ ಇನ್ನೊಂದು ದಿನ, ಕೇಳಿ ತಿಳಿದುಕೊಂಡಿದ್ದಳು. ಚಿಕ್ಕಮ್ಮ ಅವಳನ್ನು ಒಮ್ಮೆ ನೋಡಿದಳು. ಅವಳು ಸೆರಗಿನಡಿಯ ಮುಷ್ಟಿಯನ್ನು ಇನ್ನಷ್ಟು ಒಳಗೆಳೆದುಕೊಂಡಳು. ಮುಷ್ಟಿಯಿಂದ ಒಂದು ತೊಟ್ಟು ಗುಲಾಬಿ ನೀರು ಕಾಲ ಮೇಲೆ ಬಿತ್ತು.

ಬಸ್ಸು ತಿರುವಿನಲ್ಲಿ ವಾಲಿತು. ಹೊರಗೆ ಯಾರೋ ಕೊಡೆ ಬಿಚ್ಚಿದರು, ಬಿಸಿಲಿಗೆ. ಅಪ್ಪನ ಕೊಡೆಯೂ ಅದೇ ಥರದ್ದು, ಬಾಗಿದ ಮರದ ಹಿಡಿಯದು. ಅವಳು ಶಾಲೆಗೆ ಒಯ್ದು ಕಳೆದಳೆಂದು ಅಪ್ಪ ಕಪಾಳಕ್ಕೆ ಹೊಡೆದಿದ್ದರು. ತಾನು ಒಯ್ದಿಲ್ಲವೆಂದು ಅವಳು ಎಷ್ಟು ಅತ್ತರೂ ಕೇಳಲಿಲ್ಲ. ಎರಡು ದಿನದ ಮೇಲೆ ಅಪ್ಪ ಕಚೇರಿಯಿಂದ ಬಂದು, ಚಪ್ಪಲಿ ಬಿಟ್ಟು, ಕೊಡೆಯನ್ನು ಬಾಗಿಲ ಹಿಂದಿನ ಕೊಕ್ಕೆಗೆ ಮೆಲ್ಲಗೆ ನೇತುಹಾಕಿದರು. ಅಮ್ಮ ನೋಡಿದಳು, ಅಕ್ಕ ನೋಡಿದಳು, ಅವಳೂ ನೋಡಿದಳು. ಅಪ್ಪ ಗಂಟಲು ಸರಿಮಾಡಿಕೊಂಡು ಅವಳಿಗೊಂದು ಹೊಸ ಬಣ್ಣದ ಪೆನ್ಸಿಲಿನ ಡಬ್ಬಿ ಕೊಟ್ಟರು. ಅಪ್ಪನ ಮಾನ ಉಳಿಸಬೇಕಾದ್ದರಿಂದ ಅವಳು ಖುಷಿಪಡಬೇಕಾಯಿತು. ಆ ಡಬ್ಬಿಯ ಮೇಲೆ ಇಷ್ಟು ವರ್ಷ ಸಿಟ್ಟಿತ್ತು. ದೊಡ್ಡವಳಾದರೆ ತಾನು ಹಾಗಾಗುವುದಿಲ್ಲ, ಪ್ರತಿಯೊಂದಕ್ಕೂ ಕ್ಷಮೆ ಕೇಳುತ್ತೇನೆ ಎಂದು ನಿಶ್ಚಯಿಸಿದ್ದು ಆಗಲೇ ಇರಬೇಕು. ಮಾತು ಉಳಿಸಿಕೊಂಡಿದ್ದಳು, ಬೇಕಿಲ್ಲದ ಪ್ರತಿಯೊಂದಕ್ಕೂ.

ಲಾಂಡ್ರಿಯ ಬಾಗಿಲಲ್ಲಿ ಆವಿ, ಸೋಪು, ಬಿಸಿ ಹತ್ತಿಯ ವಾಸನೆ. ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡಿದ್ದು ಕಿಟಕಿಯ ಪಕ್ಕದ ಗುಲಾಬಿ ಬಣ್ಣ. ಚಿಕ್ಕಮ್ಮ ಗೌನು ತೊಟ್ಟಿದ್ದಳು. ಅದು ಅಲ್ಲಿಯ ಪದ್ಧತಿ, ಗುಡುಗಪ್ಪನಿಗಿಂತಲೂ ಹಳೆಯದು. ಯಾವ ಕಾಲದಲ್ಲೋ ಒಬ್ಬ ಮೇಸ್ತ್ರಿಯ ಕೆಂಪು ಕಾಲುಚೀಲ ಬಿಳಿಯ ಡ್ರಮ್ಮಿಗೆ ಬಿದ್ದು, ಆಸ್ಪತ್ರೆಯ ಗೌನೊಂದು ಗುಲಾಬಿಯಾಗಿ, ಆಸ್ಪತ್ರೆಯವರು ವಾಪಸು ತೆಗೆದುಕೊಳ್ಳದೆ ಅದು ಇಲ್ಲೇ ಉಳಿದಿತ್ತು. ಅಂದಿನಿಂದ ಹೀಗೆ ಡ್ರಮ್ಮಿನ ಬಟ್ಟೆ ಹಾಳುಮಾಡಿದವರು ಮಾರನೆಯ ದಿನ ಪೂರ್ತಿ ಅದನ್ನು ತೊಟ್ಟು ಕೆಲಸ ಮಾಡಬೇಕು. ಎಲ್ಲರೂ ಮನಸಾರೆ ಗೇಲಿ ಮಾಡುತ್ತಾರೆ. ಸಂಜೆ ಬಿಚ್ಚಿ ಮೊಳೆಗೆ ಹಾಕಿದರೆ ಮುಗಿಯಿತು, ಮತ್ತೆ ಆ ಮಾತು ಯಾರೂ ಎತ್ತುವಂತಿಲ್ಲ. ಡಾಕ್ಟರುಗಳ ಗೌನಾದ್ದರಿಂದ ಮುಂದಿನಿಂದ ಕೈ ತೂರಿಸಿ ಹಿಂದೆ, ಬೆನ್ನಿನ ನಡುವೆ, ಲಾಡಿ ಕಟ್ಟಬೇಕು. ಅಲ್ಲಿಗೆ ತೊಟ್ಟವರ ಕೈ ಎಟುಕದು. ತಪ್ಪು ಮಾಡಿದವರ ಬೆನ್ನಿಗೆ ಇನ್ನೊಬ್ಬರು ಗಂಟು ಹಾಕಲೇಬೇಕು.

"ಏನು ಚಿಕ್ಕಮ್ಮ, ಮದುವಣಗಿತ್ತಿ ಥರ ಕಾಣ್ತಿದ್ದೀರಲ್ಲ," ಎಂದು ಡ್ರಮ್ಮಣ್ಣ ಅಂದ. ಅವನ ದನಿಯಲ್ಲಿ ಎಂದಿನ ರುಚಿಯಿರಲಿಲ್ಲ.

"ಗಂಡು ಮಾತ್ರ ಬ್ಲೀಚ್ ಕೋಣೇಲಿದ್ದಾನಂತೆ," ಎಂದಳು ಚಿಕ್ಕಮ್ಮ.

ಯಾರೂ ಜೋರಾಗಿ ನಗಲಿಲ್ಲ. ಅವಳು ಮೆಟ್ಟಿಲು ಹತ್ತಿ ತನ್ನ ಕೋಣೆ ಸೇರಿದಳು. ಸ್ಟೂಲಿನ ಮೇಲೆ ಕೂತು ಏನು ಮಾಡಬೇಕೆಂದು ಯೋಚಿಸಿದಳು. ಯೋಚಿಸುತ್ತ ಬಹಳ ಒಳ್ಳೊಳ್ಳೆಯ ದೃಶ್ಯಗಳು ಬಂದವು. ಎಲ್ಲರನ್ನೂ ಸೇರಿಸಿ ನಡುವೆ ನಿಂತು ಹೇಳುತ್ತಾಳೆ, ಕಣ್ಣು ತುಂಬುತ್ತದೆ, ಅವರ ಕಣ್ಣೂ ತುಂಬುತ್ತದೆ, ಎಂಥ ದೊಡ್ಡ ಮನಸ್ಸು ಎಂದು ಇಸ್ತ್ರಿಯವಳು ಸೆರಗಿನಿಂದ ಮೂಗೊರೆಸುತ್ತಾಳೆ. ಅಷ್ಟಕ್ಕೆ ಬೆಚ್ಚಿ ನಿಲ್ಲಿಸಿದಳು. ತಪ್ಪೊಪ್ಪಿಕೊಳ್ಳುವುದರಲ್ಲೂ ತನಗೆ ದೀಪ ತಿರುಗಿಸುವವನೊಬ್ಬ ಬೇಕಾಗಿದೆಯಲ್ಲ. ಹಾಗಾದರೆ ಬೇಡ, ಹೇಳುವುದೇ ಬೇಡ ಎಂದುಕೊಂಡಳು. ಹೀಗೆ ತನ್ನ ಅಹಂಕಾರವನ್ನು ಪತ್ತೆಹಚ್ಚಿದ ಸಂತೋಷದಲ್ಲಿ ಸ್ವಲ್ಪ ಹೊತ್ತು ಹಗುರಾದಳು. ಆ ಹೊತ್ತಿಗೆ ಕೆಳಗೆ ಊಟದ ಗಂಟೆ ಹೊಡೆಯಿತು. ಊಟವಾದ ಮೇಲಿಂದ ಬ್ಲೀಚ್ ಕೋಣೆ.

ಊಟಕ್ಕೆ ಕೂರುವಾಗ ಮಾತ್ರ ಗೌನು ತೆಗೆಯಬಹುದು. ಅವಳು ಇಳಿದು ಬಂದಾಗ ಅದು ಕೊಳಾಯಿಯ ಪಕ್ಕದ ಮೊಳೆಯಲ್ಲಿತ್ತು. ಸುತ್ತ ನೋಡಿ, ತೆಗೆದುಕೊಂಡು, ಒಂದೇ ಉಸಿರಿಗೆ ಮೇಲೆ ಓಡಿದಳು. ಬಾಗಿಲು ಮುಂದೆ ಮಾಡಿ ಕೈ ತೂರಿಸಿದಳು. ತೊಟ್ಟುಕೊಂಡು ಸುಮ್ಮನೆ ಕೆಳಗೆ ಹೋಗಿ ನಿಂತರಾಯಿತು, ನೋಡಿದವರು ತಿಳಿದುಕೊಳ್ಳುತ್ತಾರೆ, ಬಾಯಿ ಬಿಡುವ ಕಷ್ಟವೇ ಇಲ್ಲ. ಕೊಕ್ಕೆಗೆ ಕೊಡೆ ನೇತುಹಾಕಿದ ಹಾಗೆ. ಎಡಗೈ ಹೆಗಲ ಮೇಲಿಂದ, ಬಲಗೈ ಸೊಂಟದ ಕಡೆಯಿಂದ, ಲಾಡಿ ಬೆರಳಿಗೆ ಸಿಕ್ಕಿ ಜಾರಿತು, ಮತ್ತೆ ಸಿಕ್ಕಿತು, ಮತ್ತೆ ಜಾರಿತು. ಗೋಡೆಗೆ ಬೆನ್ನು ಒತ್ತಿ ಲಾಡಿಯನ್ನು ಅಲ್ಲೇ ಹಿಡಿದಿಡಲು ನೋಡಿದಳು. ಖಾಲಿ ಕುರ್ಚಿ ಇದನ್ನೆಲ್ಲ ನೋಡುತ್ತಿತ್ತು. ಅದೇ ಹೊತ್ತಿಗೆ ಸಹಿಗೆಂದು ಬಂದ ಡ್ರಮ್ಮಣ್ಣ ಬಾಗಿಲು ತಳ್ಳಿದ.

ಅವನು ಒಂದು ಗಳಿಗೆ ನಿಂತ. "ಬೆನ್ನು ತುರಿಸ್ತಿದೆಯಾ ಮೇಡಂ?"

"ಇಲ್ಲ. ಕ್ಷಮಿಸಿ. ಇದು... ಸುಮ್ಮನೆ."

"ಅದು ಒಬ್ರೇ ಹಾಕ್ಕೊಳ್ಳೋದಲ್ಲ ಮೇಡಂ," ಎಂದ ಅವನು, ಮಗುವಿಗೆ ಹೇಳುವ ಹಾಗೆ.

"ಹಾಗಾದ್ರೆ ನೀವು ಸ್ವಲ್ಪ ಕಟ್ತೀರಾ?"

"ಯಾಕೆ ಅಂತ ಗೊತ್ತಿಲ್ದೆ ಹೇಗೆ ಕಟ್ಲಿ? ಏನು ಮಾಡಿದ್ದು ಅಂತ ಹೇಳಿದ ಮೇಲೆ ಕಟ್ಟೋದು." ಅವನು ಬಾಗಿಲಲ್ಲಿ ಕಾದ. ಅವಳು ಜಾರಿದ ಲಾಡಿಗಾಗಿ ಮತ್ತೆ ಬೆನ್ನ ಹಿಂದೆ ತಡಕಾಡಿದಳು. ಅವನು ಮೆಲ್ಲಗೆ, "ಚಿಕ್ಕಮ್ಮ ಕೈ ತೊಳೀತಿದ್ದಾರೆ. ಈಗ ಹೊರಡ್ತಾರೆ," ಎಂದು ಹೇಳಿ, ಸಹಿ ಕೇಳದೆಯೇ ಇಳಿದುಹೋದ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಗೌನಿನ ಎರಡೂ ಅಂಚುಗಳು ಹಿಂದೆ ರೆಕ್ಕೆಯಂತೆ ಹಾರಾಡುತ್ತಿದ್ದವು. ಮುಗ್ಗರಿಸಿ ಕಂಬಕ್ಕೆ ತಾಗಿದಳು. ಕಂಬಕ್ಕೆ ಕ್ಷಮಿಸಿ ಅಂದಳು. ಊಟದ ಜಗಲಿಯಲ್ಲಿ ಇಸ್ತ್ರಿಯ ಹೆಂಗಸರು ಡಬ್ಬಿ ಮುಚ್ಚುತ್ತಿದ್ದವರು ಹಾಗೆಯೇ ನಿಂತರು. ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಬ್ಲೀಚ್ ಕೋಣೆಯ ರಬ್ಬರಿನ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿಯಾಗಿತ್ತು.

"ಚಿಕ್ಕಮ್ಮ, ನಿನ್ನೆ ಆಗಿದ್ದಕ್ಕೆ, ನೋಡಿ, ಒಂದು ವಿಭಾಗ ಅಂದ ಮೇಲೆ ಅದರ ಮುಖ್ಯಸ್ಥೆಯಾಗಿ ನಾನು..."

"ಸುತ್ತಿ ಬಳಸಿ ಬರಬೇಡಿ ಮೇಡಂ. ನನಗೆ ಆ ಕಡೆ ಹೊತ್ತಾಗುತ್ತೆ."

"ನೈತಿಕವಾಗಿ ಅದರ ಹೊಣೆ..."

ಚಿಕ್ಕಮ್ಮ ಇನ್ನೊಂದು ಚಪ್ಪಲಿಗೆ ಕಾಲು ಚಾಚಿದಳು. ಆ ಪಾದ, ಅದರ ಹಿಮ್ಮಡಿಯ ಬಿರುಕು, ಚಪ್ಪಲಿಯ ನೀಲಿ ಪಟ್ಟಿ. ಅವಳು ಅದನ್ನೇ ನೋಡುತ್ತ, "ನನ್ನ ಕರವಸ್ತ್ರ," ಅಂದಳು. "ಸೊಂಟದಿಂದ ಬಿತ್ತು. ಆಮೇಲೆ ನಾನೇ ತೆಗೆದು ಬಚ್ಚಿಟ್ಕೊಂಡೆ."

ಅಷ್ಟೇ. ಇಷ್ಟು ಸಣ್ಣ ಮಾತು. ರಾತ್ರಿಯಿಡೀ ಕಟ್ಟಿದ ವಾಕ್ಯಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ. ಚೀಲದಿಂದ ಪ್ಲಾಸ್ಟಿಕ್ಕಿನ ಸುರುಳಿ ತೆಗೆದು ತೋರಿಸಿದಳು. ಯಾರೂ ಸಾಕ್ಷಿ ಕೇಳಿರಲಿಲ್ಲ.

"ಗೊತ್ತು," ಎಂದಳು ಚಿಕ್ಕಮ್ಮ. "ಡ್ರಮ್ಮಿನ ಬಾಗಿಲಲ್ಲಿ ನಿಮ್ಮ ಕೈ ಕಂಡೆ."

"ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ?"

"ನಾನ್ಯಾಕೆ ಹೇಳ್ಲಿ? ಕರವಸ್ತ್ರ ನಂದಾ?" ಚಿಕ್ಕಮ್ಮ ಕಾಲಿಗೆ ಹಾಕಿದ್ದ ಚಪ್ಪಲಿಯನ್ನು ಒದರಿ ತೆಗೆದಳು. "ತಿರುಗಿ ನಿಂತ್ಕೊಳ್ಳಿ."

ಅವಳು ತಿರುಗಿ ನಿಂತಳು. ಈಗ ಮುಖದ ಮುಂದೆ ಗೋಡೆ, ಸುಣ್ಣ ಎದ್ದ ಗೋಡೆ. ಬೆನ್ನ ಮೇಲೆ ಚಿಕ್ಕಮ್ಮನ ಬೆರಳು. ಯಾರ ಮುಖವೂ ಕಾಣದ್ದರಿಂದ ತನ್ನ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಲಾಡಿಯನ್ನು ಎಳೆದ ರಭಸಕ್ಕೆ ಒಂದು ಹೆಜ್ಜೆ ಹಿಂದೆ ಬಂದಳು. ಎರಡನೆಯ ಗಂಟು ಮೊದಲಿನದಕ್ಕಿಂತ ಬಿಗಿ. ಮೂರನೆಯದು ಬೇಕಿರಲಿಲ್ಲ, ಅದನ್ನೂ ಹಾಕಿದಳು.

"ನಿಮಗೆ ಬಣ್ಣ ಒಪ್ಪುತ್ತೆ ಮೇಡಂ," ಎಂದಳು ಇಸ್ತ್ರಿಯ ಸಾಲಿನಿಂದ ಒಬ್ಬಳು. "ಕರವಸ್ತ್ರಕ್ಕೆ ಜೋಡಿ," ಎಂದಳು ಇನ್ನೊಬ್ಬಳು. ನಗು ಮೊದಲು ಒಂದು ಕಡೆ, ಆಮೇಲೆ ಎಲ್ಲ ಕಡೆ. ಅವಳ ಕಿವಿ ಬಿಸಿಯಾಯಿತು. ಯಾರೂ ಮೂಗೊರೆಸಲಿಲ್ಲ, ಯಾರೂ ದೊಡ್ಡ ಮನಸ್ಸು ಅನ್ನಲಿಲ್ಲ. ಸ್ವಲ್ಪ ನಿರಾಸೆಯಾಗಿದ್ದು ನಿಜ.

ಯಜಮಾನರು ಬಂದಿದ್ದು ಆಗಲೇ. ಜೊತೆಯಲ್ಲಿ ಹೋಟೆಲಿನ ವ್ಯವಸ್ಥಾಪಕ. ಹಾಳಾದ ಬಟ್ಟೆಗೆ ಸಮಾಧಾನ ಹೇಳಿ, ಒಳಗೆಲ್ಲ ತೋರಿಸಿ, ಒಲಿಸಿಕೊಳ್ಳಲು ಕರೆತಂದಿದ್ದರು. ಯಜಮಾನರು ಈ ಪದ್ಧತಿಯನ್ನು ಎಂದೂ ವಿಚಾರಿಸಿದವರಲ್ಲ. ಗುಲಾಬಿ ಗೌನು ಅವರಿಗೆ ಬಡ ಕೆಲಸಗಾರರ ಹಳೇ ಬಟ್ಟೆ, ಅಷ್ಟೆ. ಅದರೊಳಗೆ ಅವಳನ್ನು ಕಂಡದ್ದೇ ಅವರ ಮುಖ ಅರಳಿತು. "ನೋಡಿದ್ರಾ? ನಾನು ಹೇಳ್ತಿದ್ನಲ್ಲ, ಇವರೇ. ನಮ್ಮ ಮೇಲ್ವಿಚಾರಕಿ. ಕೆಲಸದವರ ಬಟ್ಟೆ ಹಾಕ್ಕೊಂಡು ಅವರ ಜೊತೆ ನಿಂತಿದ್ದಾರೆ. ಇಂಥ ವಿನಯ ಈ ಕಾಲದಲ್ಲಿ ಎಲ್ಲಿ ಸಿಗುತ್ತೆ ಹೇಳಿ."

ಹೋಟೆಲಿನವನು ಮೆಚ್ಚಿ ತಲೆದೂಗಿದ.

ನಗು ನಿಂತಿತು. ಜಗಲಿಯಲ್ಲಿದ್ದ ಎಲ್ಲರೂ ಅವಳನ್ನು ನೋಡಿದರು. ಎಷ್ಟು ಸುಲಭ. ಸುಮ್ಮನೆ ತಲೆ ತಗ್ಗಿಸಿದರೆ ಸಾಕು, ಈ ಗೌನೂ ಅವಳ ಸರಳತೆಯ ಲೆಕ್ಕಕ್ಕೆ ಸೇರುತ್ತದೆ, ಸ್ಟೂಲಿನ ಪಕ್ಕ, ಕೆಟಲಿನ ಪಕ್ಕ. ತಲೆ ಆಗಲೇ ಅರ್ಧ ತಗ್ಗಿತ್ತು. ಹೊಗಳಿಕೆಗೆ ತಗ್ಗುವ ಅಭ್ಯಾಸ ಅದಕ್ಕೆ ಚೆನ್ನಾಗಿತ್ತು. ಬೆನ್ನ ಮೇಲಿನ ಗಂಟು ಚುಚ್ಚಿತು.

"ಅದು ವಿನಯ ಅಲ್ಲ ಸರ್," ಅಂದಳು.

ಅಷ್ಟರಲ್ಲಿ ಒಳಗೆ ದೊಡ್ಡ ಡ್ರಮ್ಮು ತಿರುಗಲು ಶುರುವಾಗಿ ಮಾತು ಮುಳುಗಿತು. ಯಜಮಾನರು ಕಿವಿಗೆ ಕೈ ಹಿಡಿದು ನಗುತ್ತಲೇ ಬಗ್ಗಿದರು. "ಏನಂದ್ರಿ?"

ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವುದಿದೆಯಲ್ಲ, ಅದರಷ್ಟು ಕಷ್ಟ ಮೊದಲನೆಯದೂ ಆಗಿರಲಿಲ್ಲ. ಅವಳು ಜನ್ಮದಲ್ಲಿ ಯಾರ ಮುಂದೆಯೂ ಕೂಗಿ ಮಾತಾಡಿದವಳಲ್ಲ. "ಬಟ್ಟೆ ಹಾಳು ಮಾಡಿದೋರು ಇದನ್ನ ಹಾಕ್ಕೊಳ್ಳೋದು," ಎಂದು ಕೂಗಿದಳು, "ಹಾಳು ಮಾಡಿದ್ದು ನಾನು. ಚಿಕ್ಕಮ್ಮ ಅಲ್ಲ. ನಿನ್ನೆ ನಿಮ್ಮ ಮುಂದೆ ಹೇಳ್ದೆ ಮುಚ್ಚಿಟ್ಟೆ." ಕೊನೆಯ ಮಾತಿನ ನಡುವೆ ಡ್ರಮ್ಮಣ್ಣ ಯಾಕೋ ಯಂತ್ರ ನಿಲ್ಲಿಸಿದ, 'ಮುಚ್ಚಿಟ್ಟೆ' ಎಂಬುದು ಇಡೀ ಕಟ್ಟಡದಲ್ಲಿ ಮೊಳಗಿತು.

ಯಜಮಾನರ ಮುಖದಲ್ಲಿ ನಗು ಹಾಗೆಯೇ ಇತ್ತು, ತೆಗೆಯುವುದನ್ನು ಮರೆತ ಹಾಗೆ. ಹೋಟೆಲಿನವನು ಛಾವಣಿ ನೋಡಿದ. "ಓ," ಎಂದರು ಯಜಮಾನರು. ಮತ್ತೆ ನೆಲದ ಮೇಲೆ ಬಿದ್ದಿದ್ದ ರಬ್ಬರಿನ ಚಪ್ಪಲಿ ನೋಡಿ, "ಹಾಗಾದ್ರೆ ಬ್ಲೀಚ್ ಕೋಣೆಗೆ ಯಾರು ಹೋಗೋದು?"

"ನಾನು ಹೋಗ್ತೀನಿ ಸರ್," ಎಂದಳು ಅವಳು ತಕ್ಷಣ, ಎದೆ ಉಬ್ಬಿ.

"ಅಲ್ಲಿ ಹೋಗಿ ಏನು ಮಾಡ್ತೀರಿ ಮೇಡಂ," ಎಂದಳು ಹಿಂದಿನಿಂದ ಚಿಕ್ಕಮ್ಮ, "ಇನ್ನೊಂದು ಡ್ರಮ್ಮು ಕೆಡಿಸೋಕಾ? ಅಲ್ಲಿಗೆ ಇರೋರು ಸಾಕು. ನೀವು ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ. ಬೆಳಗಿಂದ ಆಸ್ಪತ್ರೆ ಬಟ್ಟೆ ನಿಮ್ಮ ಒಂದು ಸಹಿಗೆ ಕಾದು ಕೂತಿದೆ."

ಮೊದಲು ನಕ್ಕಿದ್ದು ಹೋಟೆಲಿನವನು. ಯಜಮಾನರು ಅವನ ಮುಖ ನೋಡಿ ತಾವೂ ನಕ್ಕರು. ಮತ್ತೆ ಅವಳ ಕಡೆ ಬೆರಳು ಮಾಡಿ, "ನಿಮ್ಮ ಜೊತೆ ನಾಳೆ ಮಾತಾಡ್ತೀನಿ," ಅಂದರು, ಅದರಲ್ಲಿ ನಗುವಿರಲಿಲ್ಲ. ಚಿಕ್ಕಮ್ಮನಿಗೆ, ನಿಮ್ಮ ಮೇಜಿಗೇ ಹೋಗಿ ಎಂಬಂತೆ ಕೈಯಾಡಿಸಿ ಹೋಟೆಲಿನವನನ್ನು ಇಸ್ತ್ರಿಯ ಕಡೆ ಕರೆದೊಯ್ದರು. ಚಿಕ್ಕಮ್ಮ ರಬ್ಬರಿನ ಚಪ್ಪಲಿಗಳನ್ನು ಜೋಡಿಸಿ ಗೋಡೆಗಿಟ್ಟು ಕಿಟಕಿಯ ಕಡೆ ನಡೆದಳು. ಹೋಗುವಾಗ ಅವಳನ್ನು ನೋಡಲೂ ಇಲ್ಲ. ಅವಳು ಮೇಲೆ ಹೋಗಿ, ಗೋಡೆಗೊರಗಿದ್ದ ಕುರ್ಚಿ ಎಳೆದುಕೊಂಡು ಕೂತು, ಸಹಿ ಹಾಕಿದಳು. ನಾಳೆಯ ಮಾತು ನೆನೆದರೆ ಭಯವಾಗುತ್ತಿತ್ತು. ಸೊಂಟಕ್ಕೆ ಮಾತ್ರ ಹಿತವಾಗಿತ್ತು. ಟೀಯ ಹೊತ್ತಿಗೆ ಕೆಳಗಿಳಿಯಲಿಲ್ಲ. ಅವಳ ಹೆಸರೆತ್ತಿ ಅವರೆಲ್ಲ ನಗುವುದು ಮೆಟ್ಟಿಲ ತುದಿಯವರೆಗೂ ಕೇಳಿಸುತ್ತಿತ್ತು. ಯಾರೋ ಅವಳ ಲೋಟವನ್ನು ಮೇಲೆ ತಂದಿಟ್ಟು ಹೋದರು. ಟೀ ಬಿಸಿಯಾಗಿತ್ತು.

ಕಟ್ಟಿದವರೇ ಬಿಚ್ಚಬೇಕು ಎಂಬುದೂ ಪದ್ಧತಿಯೇ. ಸಂಜೆ ಅವಳು ಇಳಿದು ಬರುವಷ್ಟರಲ್ಲಿ ಚಿಕ್ಕಮ್ಮ ಹೊರಟುಬಿಟ್ಟಿದ್ದಳು. ಮರೆತಳೋ, ಬೇಕೆಂದೇ ಹೋದಳೋ. ಡ್ರಮ್ಮಣ್ಣನನ್ನು ಕೇಳಬಹುದಿತ್ತು, ಕೇಳಲಿಲ್ಲ. ಗೌನಿನಲ್ಲೇ ಬಸ್ಸು ಹತ್ತಿದಳು. ಯಾವ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದಳೋ ಎಂಬಂತೆ ಜನ ಜಾಗ ಬಿಟ್ಟು ನಿಂತರು. ಒಬ್ಬ ಗಡಿಬಿಡಿಯಲ್ಲಿ ಇಳಿಯುತ್ತ ಅವಳ ಕಾಲು ತುಳಿದ. ಎಂದಿನಂತೆ ಅವಳ ತುಟಿ ಅಲುಗಿತು, ಮಾತು ಬರಲಿಲ್ಲ. ಕಾಲು ಅವಳದು, ತುಳಿದವನು ಅವನು. "ಕ್ಷಮಿಸಿ," ಎಂದ ಅವನೇ, ಅವಳ ಬಟ್ಟೆ ನೋಡಿ ಹೆದರಿ.

ಬಾಗಿಲು ತೆಗೆದ ಅಕ್ಕ ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದೇನೇ ವೇಷ?"

"ಬಿಚ್ಚಕ್ಕ. ನನಗೆ ಎಟುಕಲ್ಲ."

ಅಕ್ಕ ಗಂಟನ್ನು ಉಗುರಿನಿಂದ ಬಿಚ್ಚಲು ನೋಡಿದಳು, ಹೇರ್‌ಪಿನ್ನಿನಿಂದ ನೋಡಿದಳು, ಕೊನೆಗೆ ಹಲ್ಲು ಹಚ್ಚಿದಳು. "ಯಾರೇ ಕಟ್ಟಿದ್ದು, ಈ ಥರ ಜೀವ ಬಿಟ್ಟು? ಅಲುಗಾಡಬೇಡ, ನೆಟ್ಟಗೆ ನಿಂತ್ಕೋ." ಅವಳು ಅಲುಗಾಡದೆ ನಿಂತಳು, ಆ ದಿನ ಎರಡನೆಯ ಸಲ, ಮುಖ ಗೋಡೆಗೆ ಮಾಡಿ. ಮುಖದಲ್ಲಿ ಸಣ್ಣದೊಂದು ನಗು ಮೂಡಿತು. ಅದರಲ್ಲಿ ಒಂದಿಷ್ಟು ಜಂಭವೂ ಇತ್ತು, ಇಲ್ಲವೆನ್ನಲು ಬರುವಂತಿರಲಿಲ್ಲ. ಆದರೆ ಎದುರಿಗಿದ್ದದ್ದು ಬರೀ ಗೋಡೆ. ನೋಡುವವರಿಲ್ಲದೆ ಆ ಜಂಭ ಎಷ್ಟು ಹೊತ್ತೆಂದು ನಿಂತೀತು.